ಗೆದ್ದರೆ ಮಾತ್ರ ಫೀ

ಆಸ್ಪತ್ರೆಯ ಜಗುಲಿಯಲ್ಲಿ, ಠಾಣೆಯ ಎದುರಿನ ಚಹಾ ಅಂಗಡಿಯಲ್ಲಿ, ಕೋರ್ಟಿನ ಆವರಣದಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. “ನೀವು ಈಗ ಒಂದು ಪೈಸೆನೂ ಕೊಡೂದು ಬ್ಯಾಡ. ಕೇಸು ಗೆದ್ದು ದುಡ್ಡು ಬಂದ ಮೇಲೆ ನೋಡ್ವ.” ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವನ ಹೆಂಡತಿಗೋ, ಗಂಡನನ್ನೇ ಕಳೆದುಕೊಂಡವಳ ಅಣ್ಣನಿಗೋ ಈ ಮಾತು ಸಿಗುತ್ತದೆ. ಹೇಳುವವರು ಯಾವಾಗಲೂ ವಕೀಲರೇ ಆಗಿರುವುದಿಲ್ಲ. ಹಲವು ಸಲ ವಕೀಲರ ಪರಿಚಯ ಇರುವ ಮಧ್ಯಸ್ಥ, ಇಲ್ಲವೇ ಊರಿನವನೇ ಆದ ಒಬ್ಬ ಓಡಾಟದ ಮನುಷ್ಯ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಈ ಏರ್ಪಾಡು ಕಾನೂನುಬದ್ಧ. ಟಿವಿಯಲ್ಲಿ ಜಾಹೀರಾತೂ ಬರುತ್ತದೆ. ನಮ್ಮಲ್ಲಿ ವಕೀಲರಿಗೆ ಇದು ನಿಷಿದ್ಧ. ಆದರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಅಪಘಾತದ ಕೇಸು ಎಂದ ಕೂಡಲೆ ಜನರ ತಲೆಗೆ ಬರುವುದು ಇದೇ ಲೆಕ್ಕ. ಈ ಭಾಗದ ಹೆಗಡೆಕಟ್ಟಾದಂಥ ಊರಿನಲ್ಲಿ ಕುಳಿತು ನೋಡಿದರೆ ಇದರ ಒಳಿತು ಕೆಡುಕುಗಳು ಹೇಗೆ ಕಾಣುತ್ತವೆ ಎಂಬುದೇ ಇವತ್ತಿನ ಮಾತು.

ನಮ್ಮದು ಘಟ್ಟದ ರಸ್ತೆಗಳ ನಾಡು. ಶಿರಸಿಯಿಂದ ಕುಮಟಾಕ್ಕೆ ಇಳಿದರೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಇಳಿದರೆ ಅರಬೈಲು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಹತ್ತು ಜನ ವ್ಯಾಪಾರಿಗಳು ಸತ್ತರು. ಸರಕುಗಳ ಮೇಲೆಯೇ ಕುಳಿತು ಬರುತ್ತಿದ್ದ ಬಡವರು ಅವರು. ಅಂಥ ದೊಡ್ಡ ದುರಂತವಾದಾಗ ಸರ್ಕಾರ ಪರಿಹಾರ ಘೋಷಿಸುತ್ತದೆ, ಪತ್ರಿಕೆಗಳಲ್ಲಿ ಮೊತ್ತವೂ ಬರುತ್ತದೆ. ಅದು ಅನುಕಂಪದ ಹಣ. ವಾಹನದ ವಿಮೆಯಿಂದ ಹಕ್ಕಾಗಿ ಬರಬೇಕಾದ ಪರಿಹಾರ ಬೇರೆಯೇ ಇದೆ. ಅದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬೇಕು. ಜನ ಅದನ್ನು ಎಂ.ವಿ.ಸಿ. ಕೇಸು ಅನ್ನುತ್ತಾರೆ. ಬೈಕು ಜಾರಿದ್ದು, ಟೆಂಪೊ ಗುದ್ದಿದ್ದು, ದಿಬ್ಬಣದ ಜೀಪು ಮಗುಚಿದ್ದು ಮುಂತಾದ ಸಣ್ಣ ಅಪಘಾತಗಳಲ್ಲಿ ಅನುಕಂಪದ ಹಣವೂ ಇರುವುದಿಲ್ಲ. ಆ ಒಂದು ಅರ್ಜಿಯೇ ಗತಿ.

ಅರ್ಜಿ ಎಂದರೆ ಒಂದು ಹಾಳೆಯಲ್ಲ. ಅಪಘಾತವಾದ ಮನೆಗೆ ಹೋಗಿ ನೋಡಿ. ಗೂಟಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಎಫ್‌ಐಆರ್ ಪ್ರತಿ, ಪಂಚನಾಮೆ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಎಕ್ಸ್-ರೇ ಹಾಳೆ, ಔಷಧದ ಅಂಗಡಿಯ ಮಾಸಿದ ಬಿಲ್ಲುಗಳು ಎಲ್ಲ ಕಲಸಿಕೊಂಡು ಬಿದ್ದಿರುತ್ತವೆ. ಅರ್ಧ ಕಾಗದ ಶಿರಸಿಯದು, ಉಳಿದರ್ಧ ಹುಬ್ಬಳ್ಳಿ, ಮಣಿಪಾಲ, ಮಂಗಳೂರಿನದು. ಉತ್ತರ ಕನ್ನಡಕ್ಕೆ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕು ಎಂದು ಜಿಲ್ಲೆಯ ಜನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತೊಯ್ಯುತ್ತಿದ್ದ ಆಂಬುಲೆನ್ಸೇ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ಜೀವಗಳು ಹೋದಾಗ ಆ ಕೂಗು ರಾಜ್ಯಕ್ಕೆಲ್ಲ ಕೇಳಿಸಿತು. ದೂರದ ಆಸ್ಪತ್ರೆ ಅಂದರೆ ಚಿಕಿತ್ಸೆಯ ತೊಂದರೆ ಮಾತ್ರವಲ್ಲ, ಕೇಸಿನ ತೊಂದರೆಯೂ ಹೌದು. ಎಷ್ಟು ಅಂಗವೈಕಲ್ಯ ಉಳಿದಿದೆ ಎಂದು ವೈದ್ಯರು ಪ್ರಮಾಣಪತ್ರ ಕೊಟ್ಟರೆ ಸಾಲದು, ಅವರ ಸಾಕ್ಷ್ಯವೂ ಆಗಬೇಕು. ಹುಬ್ಬಳ್ಳಿಯ ಮೂಳೆ ವೈದ್ಯರು ಶಿರಸಿಯ ಕೋರ್ಟಿಗೆ ಬಂದು ಕಟಕಟೆಯಲ್ಲಿ ನಿಲ್ಲಬೇಕೆಂದರೆ ಅವರ ಒಂದು ದಿನಕ್ಕೆ ಬೆಲೆ ಇದೆ. ಅದನ್ನು ಕೊಡುವವರು ಯಾರು? ಆರು ತಿಂಗಳಿಂದ ಕೂಲಿಗೆ ಹೋಗಲಾಗದೆ ಮಲಗಿದವನೇ?

ಇಲ್ಲಿಗೆ ಬಂದಾಗ “ಗೆದ್ದರೆ ಕೊಡಿ” ಎನ್ನುವವರ ಮಾತು ದೇವರ ಮಾತಿನಂತೆ ಕೇಳಿಸುತ್ತದೆ. ಅದರಲ್ಲಿ ಸತ್ಯವೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೈಯಲ್ಲಿ ಕಾಸಿಲ್ಲದವನ ಪರವಾಗಿ ಅರ್ಜಿಯ ಖರ್ಚು, ನಕಲು ತೆಗೆಸುವ ಖರ್ಚು, ವೈದ್ಯರ ಖರ್ಚು ಎಲ್ಲವನ್ನೂ ತಾವೇ ಹಾಕಿ ಎರಡು ಮೂರು ವರ್ಷ ಕೇಸು ನಡೆಸಿದ ವಕೀಲರು ನಮ್ಮ ಭಾಗದಲ್ಲಿದ್ದಾರೆ. ಸೋತರೆ ಅವರ ಹಣವೂ ಹೋಯಿತು, ಶ್ರಮವೂ ಹೋಯಿತು. ಎದುರಿಗೆ ವಿಮಾ ಕಂಪನಿ; ಅದಕ್ಕೆ ಕಾಯಂ ವಕೀಲರಿದ್ದಾರೆ, ಕಾಯುವ ಶಕ್ತಿ ಇದೆ. ಗಾಯಾಳುವಿನ ಪಾಲಿಗೆ ಅವನು ಸೋತರೆ ತಾನೂ ಸೋಲುವ ಒಬ್ಬ ವಕೀಲ ಸಿಕ್ಕರೆ ಅದು ಸಣ್ಣ ಬಲವಲ್ಲ. ತಮಗೇ ನಂಬಿಕೆ ಇಲ್ಲದ ಕೇಸನ್ನು ಅಂಥ ವಕೀಲರು ಹಿಡಿಯುವುದೂ ಇಲ್ಲ. ಆದ್ದರಿಂದ ಸುಳ್ಳು ಆಸೆ ಹುಟ್ಟಿಸಿ ಮೊದಲೇ ಫೀ ಕಿತ್ತುಕೊಳ್ಳುವವರಿಗಿಂತ ಈ ದಾರಿ ಎಷ್ಟೋ ಮೇಲು ಎಂದು ವಾದಿಸುವವರಿದ್ದಾರೆ. ಆ ವಾದವನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮ ಸ್ಪಷ್ಟವಾಗಿದೆ. ಕೇಸಿನ ಫಲದ ಮೇಲೆ ಫೀ ನಿಗದಿ ಮಾಡಿಕೊಳ್ಳುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ. ಕೇಸು ಹುಡುಕಿಕೊಂಡು ಹೋಗುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳನ್ನು ಬಿಡುವಂತಿಲ್ಲ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದು ಈ ನಿಯಮ ಯಾಕಿದೆ ಎಂಬುದನ್ನು ತೋರಿಸುತ್ತದೆ. 1998ರಲ್ಲಿ ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು. ವರ್ಷಗಟ್ಟಲೆ ಹೋರಾಡಿದ ಮೇಲೆ ಪರಿಹಾರ ಸಿಕ್ಕಿತು. ಹತ್ತು ಲಕ್ಷ ರೂಪಾಯಿ ಫೀ ಕೊಟ್ಟಾಗಿತ್ತು; ಇನ್ನೂ ಮೂರು ಲಕ್ಷಕ್ಕೆ ಒತ್ತಾಯದಿಂದ ಚೆಕ್ಕಿಗೆ ಸಹಿ ಹಾಕಿಸಿಕೊಂಡರು ಎಂಬುದು ಆಕೆಯ ದೂರು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾಯಿತು. ಗಂಡನ ಸಾವಿನ ಪರಿಹಾರ ಕೇಳಲು ಕೋರ್ಟಿಗೆ ಹೋದವಳು ಚೆಕ್ ಬೌನ್ಸ್ ಪ್ರಕರಣದ ಆರೋಪಿಯಾಗಿ ನಿಲ್ಲಬೇಕಾಯಿತು. ಪರಿಹಾರದ ಮೊತ್ತದಲ್ಲಿ ಶೇಕಡಾವಾರು ಫೀ ಕೇಳುವುದು ಸಾರ್ವಜನಿಕ ನೀತಿಗೆ ವಿರುದ್ಧ, ಅಂಥ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು ಆ ಚೆಕ್ಕಿನ ಕೇಸನ್ನು ರದ್ದು ಮಾಡಿತು. ವಕೀಲರ ಫೀಗೆ ಒಂದು ಕಾನೂನಿನ ಚೌಕಟ್ಟು ಬೇಕು ಎಂದೂ ಹೇಳಿತು.

ಹಾಗಾದರೆ ವಕೀಲರ ನ್ಯಾಯವಾದ ಫೀ ಎಷ್ಟು? ನ್ಯಾಯಮಂಡಳಿಯ ತೀರ್ಪಿನ ಕೊನೆಯಲ್ಲಿ ‘ವಕೀಲರ ಶುಲ್ಕ’ ಎಂದು ಒಂದು ಸಾಲು ಇರುತ್ತದೆ. ಎದುರುದಾರರು ತುಂಬಬೇಕಾದ ಆ ಮೊತ್ತ ಹಲವು ಸಲ ಸಾವಿರ, ಎರಡು ಸಾವಿರ ರೂಪಾಯಿ. ಮೂರು ವರ್ಷದ ಕೆಲಸಕ್ಕೆ ಯಾರೂ ಅಷ್ಟರಲ್ಲಿ ಬದುಕಲಾರರು. ತೀರ್ಪಿನಲ್ಲಿ ಬರೆದ ಸಾವಿರಕ್ಕೂ ಕೈಬದಲಾಗುವ ಲಕ್ಷಕ್ಕೂ ನಡುವಿನ ಅಂತರದಲ್ಲೇ ಎಲ್ಲ ಗುಟ್ಟಿನ ವ್ಯವಹಾರ ನಡೆಯುತ್ತದೆ. ನನ್ನ ಅಭಿಪ್ರಾಯ ಇಷ್ಟು: ನಿಷೇಧವೂ ಇದೆ, ರೂಢಿಯೂ ಇದೆ ಎಂಬ ಈ ಸ್ಥಿತಿ ಎರಡು ಕಡೆಯ ಕೆಡುಕನ್ನೂ ಗಾಯಾಳುವಿನ ತಲೆಗೆ ಕಟ್ಟಿದೆ. ನಿಷೇಧ ಇರುವುದರಿಂದ ಕಾಗದದ ಮೇಲೆ ಏನೂ ಇಲ್ಲ. ಕಾಗದ ಇಲ್ಲದ್ದರಿಂದ ಮಿತಿಯೂ ಇಲ್ಲ. ಶೇಕಡಾ 20 ಎಂದು ಬಾಯಲ್ಲಿ ಹೇಳಿದ್ದು ಹಣ ಬಂದ ದಿನ 30 ಆದರೆ ಯಾರಿಗೆ ತೋರಿಸಬೇಕು? ಬಡ್ಡಿಯ ಮೇಲೂ ಪಾಲೇ, ಆಸ್ಪತ್ರೆಯ ಬಿಲ್ಲಿಗೆಂದು ಕೊಟ್ಟ ಮೊತ್ತದ ಮೇಲೂ ಪಾಲೇ, ಮಧ್ಯಸ್ಥನ ಪಾಲು ಅದರ ಒಳಗೋ ಹೊರಗೋ ಎಂದು ಕೇಳುವ ಧೈರ್ಯ ಯಾರಿಗಿದೆ?

ಇನ್ನೊಂದು ಕೆಡುಕು ಮೇಲುನೋಟಕ್ಕೆ ಕಾಣುವುದಿಲ್ಲ. ಅದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು. 34 ವರ್ಷದ ಒಬ್ಬ ಕೊನೆಗೌಡ ಎಂದು ಭಾವಿಸಿ. ಅಡಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆ ಮದ್ದು ಹೊಡೆಯುವುದು ಅವನ ಕಸುಬು. ಬೈಕಿನಲ್ಲಿ ಬರುವಾಗ ಕಾರು ಗುದ್ದಿ ಮಂಡಿಯ ಕೆಳಗೆ ಎಲುಬು ಮುರಿಯಿತು, ರಾಡು ಹಾಕಿದರು, ಕಾಲು ಪೂರ್ತಿ ಮಡಚಲು ಬರುವುದಿಲ್ಲ. ತಿಂಗಳ ಗಳಿಕೆ 15,000 ಎಂದು ಹಿಡಿಯೋಣ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಂತೆ 31ರಿಂದ 35 ವಯಸ್ಸಿನವರಿಗೆ ಗುಣಕ 16. ವರ್ಷಕ್ಕೆ 1,80,000, ಅದರ 16 ಪಟ್ಟು 28,80,000. ಇದರಲ್ಲಿ ಎಷ್ಟು ಪಾಲು ಸಿಗಬೇಕೆಂಬುದು ಅಂಗವೈಕಲ್ಯದ ಮೇಲೆ ನಿಂತಿದೆ. ವೈದ್ಯರು ಕಾಲಿಗೆ ಶೇಕಡಾ 30 ಎಂದು ಬರೆದರೆ, ಇಡೀ ಮೈಗೆ ಅದರ ಮೂರನೇ ಒಂದು ಭಾಗ, 10 ಎಂದು ಹಿಡಿಯುವುದು ವಾಡಿಕೆ. ಆಗ ಈ ಬಾಬ್ತಿಗೆ ಬರುವುದು 2,88,000.

ಆದರೆ ಅವನು ಕಚೇರಿಯ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವನಲ್ಲ. ಮಂಡಿ ಮಡಚದವನು ಅಡಕೆ ಮರವನ್ನು ಅಪ್ಪಿ ಹತ್ತುವುದು ಹೇಗೆ? ಒಂದು ಮರದ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುವುದು ಹೇಗೆ? ಮೈಗೆ ಎಷ್ಟು ಊನವಾಯಿತು ಎಂದು ಮಾತ್ರ ನೋಡಬಾರದು, ಅವನ ಕಸುಬಿನ ಗಳಿಕೆಗೆ ಎಷ್ಟು ಊನವಾಯಿತು ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಆ ನೆಲೆಯಲ್ಲಿ ನ್ಯಾಯಮಂಡಳಿ ಶೇಕಡಾ 40 ಎಂದು ಒಪ್ಪಿತು ಅನ್ನಿ, ಮೊತ್ತ 11,52,000 ಆಗುತ್ತದೆ. ಮುಂದಿನ ವರ್ಷಗಳಲ್ಲಿ ಏರಬಹುದಾಗಿದ್ದ ಗಳಿಕೆಯನ್ನು ಸೇರಿಸಿದರೆ ಇನ್ನೂ ಹೆಚ್ಚು. ಅದೇ ಕಾಲು, ಅದೇ ಎಕ್ಸ್-ರೇ. ಆದರೆ ಈ ಅಂತರವನ್ನು ಗಳಿಸಲು ವಕೀಲರು ದುಡಿಯಬೇಕು. ಅವನು ಕೊನೆಗೌಡನೇ ಎಂಬುದಕ್ಕೆ ತೋಟದವರ ಸಾಕ್ಷಿ ಹಾಕಿಸಬೇಕು, ಚಿಕಿತ್ಸೆ ಮಾಡಿದ ವೈದ್ಯರನ್ನೇ ಕರೆಸಬೇಕು, ಮರ ಹತ್ತುವ ಕೆಲಸ ಎಂಥದು ಎಂದು ನ್ಯಾಯಾಧೀಶರಿಗೆ ಮನದಟ್ಟು ಮಾಡಿಸಬೇಕು, ಕಂಪನಿ ಮೇಲ್ಮನವಿ ಹೋದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಾಡಬೇಕು.

ಈಗ ಪಾಲಿನ ಲೆಕ್ಕಕ್ಕೆ ಬನ್ನಿ. ಲೋಕ ಅದಾಲತ್ತಿನಲ್ಲಿ ಕಂಪನಿ ಮೂರು ಲಕ್ಷಕ್ಕೆ ರಾಜಿಯಾಗೋಣ ಎನ್ನುತ್ತದೆ. ಶೇಕಡಾ 25ರಂತೆ ವಕೀಲರಿಗೆ ಇವತ್ತೇ 75,000. ಮೂರು ವರ್ಷ ಹೋರಾಡಿ 11,52,000 ಗೆದ್ದರೆ ಅವರ ಪಾಲಿಗೆ 2,88,000 ಬರಬಹುದು, ಬಾರದೆಯೂ ಇರಬಹುದು, ಖರ್ಚಂತೂ ಖಾತ್ರಿ. ಹತ್ತಾರು ಕೇಸು ಹಿಡಿದವರಿಗೆ ಒಂದೊಂದನ್ನೂ ಬೇಗ ಮುಗಿಸುವುದೇ ಲಾಭ. ಗಾಯಾಳುವಿಗೆ ಹಾಗಲ್ಲ. ಅವನಿಗೆ ಇರುವುದು ಒಂದೇ ಕೇಸು, ಒಂದೇ ಕಾಲು, ಮುಂದೆ ದುಡಿಯಬೇಕಿದ್ದ 25 ವರ್ಷ. ಲೋಕ ಅದಾಲತ್ತಿನಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ವಕೀಲರ ಹಿತವೂ ಕಕ್ಷಿದಾರನ ಹಿತವೂ ಒಂದೇ ಎಂದು ಈ ಏರ್ಪಾಡನ್ನು ಹೊಗಳುವವರು ಹೇಳುತ್ತಾರೆ. ಗೆಲುವಿನ ತನಕ ಒಂದೇ, ನಿಜ. ಎಷ್ಟಕ್ಕೆ ಗೆಲ್ಲಬೇಕು ಎಂಬಲ್ಲಿ ದಾರಿ ಕವಲಾಗುತ್ತದೆ. 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ಸತ್ತ ಒಬ್ಬರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು 7.64 ಕೋಟಿ ರೂಪಾಯಿ ಕೊಡಿಸಿತು. ಅಷ್ಟು ದೊಡ್ಡ ಮೊತ್ತ ಬಂದದ್ದು ಸತ್ತವರ ಸಂಬಳ ದೊಡ್ಡದಿದ್ದುದರಿಂದ ಹೌದು. ಆ ಕುಟುಂಬ ಹತ್ತು ವರ್ಷ ಪಟ್ಟು ಬಿಡದೆ ಕಾದದ್ದರಿಂದಲೂ ಹೌದು. ಕಾಯುವ ಶಕ್ತಿ ಇಲ್ಲದವನಿಗೆ ಕಾಯುವ ಮನಸ್ಸಿಲ್ಲದ ವಕೀಲ ಸಿಕ್ಕರೆ ನಷ್ಟ ಯಾರದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೂ ದೊಡ್ಡ ಮಾತು, ಯಾರಿಗೆ ಈ ದಾರಿ ತೆರೆಯುವುದೇ ಇಲ್ಲ ಎಂಬುದು. ಗೆದ್ದರೆ ಫೀ ಎನ್ನುವವರು ಮೊದಲು ನೋಡುವುದು ವಾಹನಕ್ಕೆ ಚಾಲ್ತಿಯಲ್ಲಿರುವ ವಿಮೆ ಇದೆಯೇ ಎಂದು. ವಿಮೆ ಇಲ್ಲದ ಹಳೆ ಜೀಪಾದರೆ ಗೆದ್ದರೂ ವಸೂಲಿ ಆಗುವುದು ಮಾಲಕನ ಆಸ್ತಿಯಿಂದ. ಅವನ ಹತ್ತಿರ ಏನಿದೆ? ಪಿಕಪ್ ಗಾಡಿಯ ಹಿಂದೆ ಕುಳಿತು ತೋಟದ ಕೆಲಸಕ್ಕೋ ಮದುವೆಗೋ ಹೊರಟವರ ಗತಿಯೂ ಅಷ್ಟೆ. ಸರಕು ಸಾಗಿಸುವ ವಾಹನದಲ್ಲಿ ಸರಕಿನ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ 1994ರ ತಿದ್ದುಪಡಿಯಿಂದ ವಿಮೆಯ ರಕ್ಷಣೆ ಇದೆ, ಸುಮ್ಮನೆ ಹತ್ತಿ ಕುಳಿತ ಪ್ರಯಾಣಿಕನಿಗೆ ಇಲ್ಲ. ನಮ್ಮ ಕಡೆ ಬಸ್ಸು ಬಾರದ ಊರುಗಳೆಷ್ಟೋ ಇವೆ. ಹತ್ತದೆ ಏನು ಮಾಡುತ್ತಾರೆ? ಅಂಥವರ ಕೇಸಿನಲ್ಲಿ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ, ಪಾಲಿನ ವಕೀಲರೂ ದೂರ ಸರಿಯುತ್ತಾರೆ. ಸರ್ಕಾರಿ ಬಸ್ಸು ಗುದ್ದಿದ್ದರೆ ಗೆಲುವು ಸುಲಭ, ಹಣ ಕಷ್ಟ. ಪರಿಹಾರ ತುಂಬದ ಸಾರಿಗೆ ಸಂಸ್ಥೆಯ ಬಸ್ಸನ್ನು ಕೋರ್ಟಿನ ಅಮೀನರು ನಿಲ್ದಾಣದಿಂದಲೇ ಜಪ್ತಿ ಮಾಡಿ ತಂದ ಸುದ್ದಿ ನಾವೆಲ್ಲ ಓದಿದ್ದೇವೆ.

ಇನ್ನು ಅಡಕೆ ಮರದಿಂದಲೇ ಬಿದ್ದವನು. ನಮ್ಮ ಮೂರು ತಾಲೂಕುಗಳಲ್ಲಿ ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರನ್ನು ಕೇಳಿ ನೋಡಿ, ರಸ್ತೆಯಲ್ಲಿ ಬಿದ್ದವರ ಜೊತೆಗೆ ಮರದಿಂದ ಬಿದ್ದವರೂ ಸಿಗುತ್ತಾರೆ. ಮಳೆಗಾಲದ ಪಾಚಿ ಕಟ್ಟಿದ ಮರ, ಹೆಗಲಿಗೆ ಮದ್ದಿನ ಪೈಪು, ಕೆಳಗೆ ಕಾದಿಗೆ. ಬಿದ್ದರೆ ಅಲ್ಲಿ ಗುದ್ದಿದ ವಾಹನವಿಲ್ಲ, ವಿಮಾ ಕಂಪನಿ ಇಲ್ಲ, ಎಫ್‌ಐಆರ್ ಕೂಡ ಇಲ್ಲ. ಅವನ ಮನೆಗೆ “ಗೆದ್ದರೆ ಕೊಡಿ” ಎಂದು ಯಾರೂ ಬರುವುದಿಲ್ಲ. ಕೆಲಸಗಾರರ ಪರಿಹಾರದ ಕಾನೂನು 1923ರಿಂದ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆದರೆ ಕೊನೆಗೌಡ ಇಂದು ಒಬ್ಬರ ತೋಟದಲ್ಲಿ, ನಾಳೆ ಇನ್ನೊಬ್ಬರ ತೋಟದಲ್ಲಿ, ಒಂದು ಕೊನೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ ಕೆಲಸ ಮಾಡುವವನು. ಅವನ ಧಣಿ ಯಾರು ಎಂದು ಸಾಬೀತು ಮಾಡುವುದರಲ್ಲೇ ಆಯುಷ್ಯ ಕಳೆದೀತು. ಎದುರುದಾರನೆಂದು ನಿಲ್ಲಿಸಬೇಕಾದ ತೋಟದವನೂ ಹಲವು ಸಲ ಒಂದೆರಡು ಎಕರೆಯ ಹಿಡುವಳಿದಾರ. ಬಿದ್ದವನನ್ನು ಆಸ್ಪತ್ರೆಗೆ ಹೊತ್ತು ಸಾಲ ಮಾಡಿಕೊಂಡವನು. ಲಾಭ ಕಾಣುವಲ್ಲಿ ಮಾತ್ರ ನ್ಯಾಯ ಹುಟ್ಟುವ ಏರ್ಪಾಡು ಊರಿನ ಅತಿ ದೊಡ್ಡ ಗಾಯವನ್ನೇ ಮುಟ್ಟುವುದಿಲ್ಲ. ನನಗೆ ಈ ವ್ಯವಸ್ಥೆಯ ಬಗ್ಗೆ ಇರುವ ಮುಖ್ಯ ತಕರಾರು ಅದೇ.

ಹೊರಗಿನವರ ಅನುಭವವನ್ನು ಒಂದಿಷ್ಟು ನೋಡಬಹುದು. ಇಂಗ್ಲೆಂಡಿನಲ್ಲಿ 1990ರ ಕಾಯ್ದೆಯಡಿ 1995ರಿಂದ ಗಾಯದ ಕೇಸುಗಳಿಗೆ ಇಂಥ ಫೀಗೆ ಅವಕಾಶ ಸಿಕ್ಕಿತು. 2000ದಲ್ಲಿ ಬಹುತೇಕ ಗಾಯದ ಕೇಸುಗಳಿಗೆ ಸರ್ಕಾರಿ ಕಾನೂನು ನೆರವನ್ನು ನಿಲ್ಲಿಸಿ, ಗೆದ್ದ ವಕೀಲರಿಗೆ ಸಲ್ಲುವ ಹೆಚ್ಚುವರಿ ಫೀಯನ್ನೂ ಸೋತವರೇ ಕೊಡಬೇಕೆಂದು ಮಾಡಿದರು. ಗಾಯಾಳುವಿಗೆ ಪೂರ್ತಿ ಪರಿಹಾರ ಉಳಿಯಿತು, ಆದರೆ ಕ್ಲೇಮು ಹಿಡಿದು ಮಾರುವ ಕಂಪನಿಗಳು ಅಣಬೆಯಂತೆ ಎದ್ದವು. ಅವುಗಳಲ್ಲಿ ಒಂದು 2003ರಲ್ಲಿ ಮುಳುಗಿದಾಗ ನೌಕರರಿಗೆ ಕೆಲಸ ಹೋದ ಸುದ್ದಿಯನ್ನು ಮೊಬೈಲ್ ಸಂದೇಶದಲ್ಲಿ ಕಳಿಸಿತು. ವಿಮೆಯ ಕಂತು ಏರಿತೆಂದು ಗಲಾಟೆಯಾಯಿತು. 2013ರ ಏಪ್ರಿಲಿನಿಂದ ನಿಯಮ ಬದಲಾಯಿತು. ಈಗ ಆ ಹೆಚ್ಚುವರಿ ಫೀ ಗಾಯಾಳುವಿನ ಪರಿಹಾರದಿಂದಲೇ ಹೋಗುತ್ತದೆ, ಆದರೆ ಶೇಕಡಾ 25ರ ಮಿತಿ ಮೀರುವಂತಿಲ್ಲ. ಮುಂದಿನ ಆರೈಕೆಗೆ, ಮುಂದಿನ ಗಳಿಕೆಗೆ ಎಂದು ಕೊಟ್ಟ ಮೊತ್ತವನ್ನು ಆ ಲೆಕ್ಕಕ್ಕೆ ಸೇರಿಸುವಂತೆಯೇ ಇಲ್ಲ. ಕೇಸು ತಂದುಕೊಟ್ಟವರಿಗೆ ಕಮಿಷನ್ ಕೊಡುವುದೂ ನಿಷಿದ್ಧವಾಯಿತು. ಎಲ್ಲವೂ ಬರವಣಿಗೆಯಲ್ಲಿ ಇರಬೇಕು. ಮುಂದಿನ ಜೀವನದ ಹಣವನ್ನು ಮುಟ್ಟಬೇಡಿ ಎಂಬ ಆ ಒಂದು ನಿಯಮ ನನಗೆ ಬಹಳ ಹಿಡಿಸಿತು. ಮಂಡಿ ಮಡಚದ ಕೊನೆಗೌಡನಿಗೆ ಬರುವ ಪರಿಹಾರದ ಬಹುಪಾಲು ಮುಂದಿನ ಜೀವನದ್ದೇ ತಾನೆ?

ನಮ್ಮಲ್ಲೂ ಅಂಥ ಮಿತಿಯೊಳಗೆ ಇದನ್ನು ಕಾನೂನುಬದ್ಧ ಮಾಡಬೇಕೇ? ನಾನು ಸ್ವಲ್ಪ ಹಿಂಜರಿಯುತ್ತೇನೆ. ಪಾಲಿನ ಆಸೆಗೆ ಆಗದ ಅಪಘಾತಗಳನ್ನೇ ಸೃಷ್ಟಿಸಿ ಕ್ಲೇಮು ಹಾಕಿದ ದಂಧೆಯ ತನಿಖೆಗೆ ಉತ್ತರ ಪ್ರದೇಶದಲ್ಲಿ 2015ರಲ್ಲಿ ಹೈಕೋರ್ಟಿನ ಆದೇಶದಂತೆ ವಿಶೇಷ ತಂಡವನ್ನೇ ರಚಿಸಬೇಕಾಯಿತು. ಆದರೂ ಗುಟ್ಟಿನ ಪಾಲಿಗಿಂತ ಬೆಳಕಿನ ಪಾಲು ಒಳ್ಳೆಯದು ಎಂದೇ ಕೊನೆಗೆ ಅನಿಸುತ್ತದೆ. ಮಿತಿ ಇರಲಿ, ಬರಹ ಇರಲಿ, ನ್ಯಾಯಮಂಡಳಿಯ ಕಣ್ಣಿಗೆ ಬೀಳಲಿ. ಅದು ಆಗುವ ತನಕ ಇವತ್ತೇ ಕೈಗೆ ಸಿಗುವ ದಾರಿಗಳನ್ನು ತಿಳಿದಿರಬೇಕು.

ಮೊದಲನೆಯದು, ಗೆಲುವಿಗೂ ಫೀಗೂ ಗಂಟು ಹಾಕದ, ಪಾಲನ್ನೂ ಕೇಳದ ವಕೀಲರು ಇದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಗಂಡ ತೀರಿಹೋಗಿ ಹೆಂಡತಿ ಅರ್ಜಿದಾರಳಾದರೆ ಅವಳು ಹೆಂಗಸು ಎಂಬ ಒಂದೇ ಕಾರಣ ಸಾಕು. ತಾಲೂಕು ಕೋರ್ಟಿನಲ್ಲೇ ಸಮಿತಿ ಇದೆ, 15100ಕ್ಕೆ ಫೋನ್ ಮಾಡಿದರೂ ಆಯಿತು. ಉಚಿತ ವಕೀಲರು ಮನಸ್ಸಿಟ್ಟು ಮಾಡುವುದಿಲ್ಲ ಎಂಬ ದೂರು ಹಳ್ಳಿಯಲ್ಲಿದೆ. ದೂರಿನಲ್ಲಿ ಹುರುಳಿದ್ದರೆ ಸಮಿತಿಯ ಅಧ್ಯಕ್ಷರಾದ ನ್ಯಾಯಾಧೀಶರಿಗೇ ಹೇಳಿ ವಕೀಲರನ್ನು ಬದಲಿಸಿಕೊಳ್ಳಬಹುದು. ಪಾಲಿನ ಒಪ್ಪಂದದಲ್ಲಿ ಹೀಗೆ ಹೋಗಿ ಹೇಳಲು ಜಾಗವೇ ಇಲ್ಲ.

ಎರಡನೆಯದು, ಅಪಘಾತದ ವಿವರ ವರದಿಯನ್ನು ಪೊಲೀಸರೇ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿ ಎಂದು ನ್ಯಾಯಮಂಡಳಿ ಪರಿಗಣಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 166ನೇ ಕಲಮು ಹೇಳುತ್ತದೆ. ಠಾಣೆಗೆ ಹೋದಾಗ ವರದಿ ಹೋಯಿತೇ, ಯಾವಾಗ ಹೋಯಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಅದೇ ಕಲಮಿನಂತೆ, ಅಪಘಾತ ಹುಬ್ಬಳ್ಳಿಯಲ್ಲೇ ಆಗಿರಲಿ, ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಆ ಗಡುವನ್ನು ಪ್ರಶ್ನಿಸಿದ ಮೊಕದ್ದಮೆಗಳು ಸುಪ್ರೀಂ ಕೋರ್ಟಿನಲ್ಲಿವೆ. ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಆಗಿದೆ. ಅದನ್ನು ನಂಬಿ ಕೂರದೆ ಆರು ತಿಂಗಳೊಳಗೇ ಹಾಕುವುದು ಕ್ಷೇಮ. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆ ಇದೆ, ಅದಕ್ಕೆ ವಕೀಲರ ಅಗತ್ಯವೇ ಇಲ್ಲ.

ಖಾಸಗಿ ವಕೀಲರನ್ನೇ ಇಟ್ಟುಕೊಳ್ಳುವುದಾದರೆ ಇಷ್ಟು ಫೀ, ಇಷ್ಟು ಕಂತು ಎಂದು ಮೊತ್ತದಲ್ಲಿ ಮಾತಾಡಿ ಬರೆಯಿಸಿಕೊಳ್ಳಿ. ಹಣ ಬಂದ ಮೇಲೆ ಕಂತು ಕಟ್ಟುತ್ತೇನೆ ಎಂದರೆ ಒಪ್ಪುವ ವಕೀಲರು ಇದ್ದಾರೆ. ಮೊತ್ತ ನಿಗದಿಯಾಗಿದ್ದರೆ ಅದರಲ್ಲಿ ತಪ್ಪಿಲ್ಲ. ಖಾಲಿ ಚೆಕ್ಕಿಗೆ, ಖಾಲಿ ಬಾಂಡಿಗೆ ಸಹಿ ಹಾಕಬೇಡಿ. ಪಾಸ್‌ಬುಕ್ಕು, ಎಟಿಎಂ ಕಾರ್ಡು ಯಾರ ಕೈಗೂ ಕೊಡಬೇಡಿ. ಪರಿಹಾರದ ಹಣವನ್ನು ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೇ ಜಮಾ ಮಾಡಬೇಕು ಎಂದು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಹೇಳಿದೆ. ಓದು ಬಾರದವರ, ಮಕ್ಕಳ ಪಾಲನ್ನು ಠೇವಣಿಯಲ್ಲಿಟ್ಟು ಬಡ್ಡಿ ಮಾತ್ರ ಕೈಗೆ ಬರುವಂತೆ ಮಾಡಬೇಕೆಂದು 1993ರಲ್ಲೇ ಹೇಳಿತ್ತು. ಠೇವಣಿ ಇಟ್ಟರೆ ಹಣ ಸಿಗುವುದಿಲ್ಲ ಎಂದು ಬೇಸರಪಟ್ಟುಕೊಳ್ಳುವವರನ್ನು ನೋಡಿದ್ದೇನೆ. ಹಣ ಬಂತೆಂದು ಗೊತ್ತಾದ ವಾರದಲ್ಲಿ ಅಂಗಳಕ್ಕೆ ಬರುವ ನಂಟರನ್ನೂ ಸಾಲಗಾರರನ್ನೂ ಮಧ್ಯಸ್ಥರನ್ನೂ ನೋಡಿದ ಮೇಲೆ, ಆ ಠೇವಣಿಯ ಬೆಲೆ ಏನೆಂದು ತಿಳಿಯುತ್ತದೆ.

ಇನ್ನು ಮರ ಹತ್ತುವವರ ವಿಷಯ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅಡಕೆಯ ಕೊನೆಗೌಡರಿಗೂ ಅಷ್ಟೇ ಗಟ್ಟಿಯಾದ ಒಂದು ವಿಮೆ ಬೇಕು. ಕೊನೆಗೌಡರ ಹೆಸರಿನಲ್ಲಿ ತೋಟದವರೂ ನಮ್ಮ ಸೊಸೈಟಿಗಳೂ ಸೇರಿ ಕಂತು ಕಟ್ಟಿದರೆ ಅದು ಭಾರವಾಗದು. ಅಲ್ಲಿಯವರೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಬ್ಯಾಂಕಿನ ಖಾತೆಯಿಂದಲೇ ಕಡಿತ. ಅಪಘಾತದಲ್ಲಿ ಸಾವಾದರೆ ಅಥವಾ ಪೂರ್ತಿ ಅಂಗವೈಕಲ್ಯ ಬಂದರೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಮರದಿಂದ ಬಿದ್ದದ್ದೂ ಇದರಲ್ಲಿ ಅಪಘಾತವೇ. ಅವಧಿ ಜೂನ್ 1ರಿಂದ ಮೇ 31. ಮದ್ದು ಹೊಡೆಯಲು ಕರೆಯುವ ಮೊದಲು, ಮರ ಹತ್ತುವವನ ಖಾತೆಯಿಂದ ಈ ವರ್ಷದ 20 ರೂಪಾಯಿ ಕಡಿತವಾಗಿದೆಯೇ ಎಂದು ತೋಟದವರು ದಯವಿಟ್ಟು ಕೇಳಿ ನೋಡಿ.